ಗೆರೆ ಎಳೆಯುವ ಕೈ ಯಾರದು?

ದಾವಣಗೆರೆ ಎಂಬ ವಿಧಾನಸಭಾ ಕ್ಷೇತ್ರ ಇವತ್ತು ಇಲ್ಲ. ಊರಿದೆ, ಜನರಿದ್ದಾರೆ, ಬೆರಳಿಗೆ ಹಚ್ಚುವ ಶಾಯಿಯೂ ಇದೆ. ಕ್ಷೇತ್ರ ಮಾತ್ರ 2008ರಲ್ಲಿ ಇಲ್ಲವಾಯಿತು. ಅದನ್ನು ಸೀಳಿ ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ ಎಂದು ಎರಡು ಮಾಡಿದರು. ಅದೇ ಸಲ ಪಕ್ಕದ ಮಾಯಕೊಂಡವನ್ನು ಪರಿಶಿಷ್ಟ ಜಾತಿಗೂ ಜಗಳೂರನ್ನು ಪರಿಶಿಷ್ಟ ಪಂಗಡಕ್ಕೂ ಮೀಸಲು ಮಾಡಿದರು. ನಾವು ಆಗ ಸ್ಲೇಟು ಬಳಪ ಹಿಡಿದು ಕೂತಿದ್ದ ಹುಡುಗರು. ನಮ್ಮನ್ನು ಯಾರೂ ಕೇಳಲಿಲ್ಲ. ನಮ್ಮ ಅಪ್ಪಂದಿರನ್ನೂ ಕೇಳಲಿಲ್ಲ.

ಈಗ ಕೇಳುವ ಸರದಿ ನಮ್ಮದು.

"ನೀವು ನಲ್ಲೂರಿನ ಹುಡುಗ್ರು, ಚನ್ನಗಿರಿ ತಾಲೂಕಿನೋರು. ದಾವಣಗೆರೆ ಸೀಟಿನ ಉಸಾಬರಿ ನಿಮಗ್ಯಾಕ್ರಪ್ಪಾ?" ಎಂದು ಕೇಳುವವರಿದ್ದಾರೆ. ಹೇಳ್ತೀವಿ, ಕೇಳಿ. ನಮ್ಮ ಕೇರಿಯಿಂದ ದುಡಿಮೆಗೆ ಹೊರಟ ದಾರಿ ಎರಡು. ಒಂದು ಊರವರ ಅಡಿಕೆ ತೋಟಕ್ಕೆ, ಇನ್ನೊಂದು ದಾವಣಗೆರೆಯ ಗಿರಣಿಗೆ. ತೋಟಕ್ಕೆ ಹೋದವರು ಸಂಜೆ ಮನೆಗೆ ಬಂದರು. ಸುಲಿದ ಅಡಿಕೆಯ ಕಲೆ ಬೆರಳಲ್ಲಿ ಉಳಿಯಿತು, ತೋಟ ಅವರದಾಗಲಿಲ್ಲ. ಗಿರಣಿಗೆ ಹೋದವರು ಅಲ್ಲೇ ಗುಡಿಸಲು ಹಾಕಿದರು, ಅಲ್ಲೇ ಓಟು ಬರೆಸಿದರು. ಊರಲ್ಲಿ ಇರೋತನಕ ಗೌಡರು ಹೇಳಿದ ಗುರುತಿಗೆ ಮುದ್ರೆ ಒತ್ತುತ್ತಿದ್ದ ನಮ್ಮ ಅಜ್ಜಂದಿರು, ತಮಗೆ ಬೇಕಾದ ಗುರುತಿಗೆ ಮೊದಲ ಸಲ ಒತ್ತಿದ್ದು ದಾವಣಗೆರೆಯಲ್ಲಿ. ಆ ಸೀಟಿನ ಚರಿತ್ರೆಯಲ್ಲಿ ನಮ್ಮ ಪಾಲೂ ಇದೆ.

ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳು ಈ ಕ್ಷೇತ್ರದ ಚರಿತ್ರೆ ಬರೆಯುತ್ತವೆ. ಯಾರು ಎಷ್ಟು ಸಲ ಗೆದ್ದರು, ಯಾರ ಮಗ ಯಾರು, ಯಾರ ಬೀಗರು ಯಾರು. ಗೆದ್ದವರ ಪಟ್ಟಿಯನ್ನು ಚರಿತ್ರೆ ಎನ್ನುವುದಾದರೆ ಗೌಡರ ಮನೆ ಗೋಡೆಯ ಮೇಲಿನ ಫೋಟೋ ಸಾಲನ್ನೂ ಚರಿತ್ರೆ ಎನ್ನಬೇಕು. ನಾವು ಸಾಲಿನಲ್ಲಿ ನಿಂತು ಓಟು ಹಾಕಿದವರ ಕಡೆಯಿಂದ ಬರೆಯುತ್ತೇವೆ.

೧

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಹತ್ತಿ ಗಿರಣಿಗಳ ಊರು ಅಂತ ಹೆಮ್ಮೆಯಿಂದ ಇಟ್ಟ ಹೆಸರು. ಹೆಸರು ತಂದವರು ಆ ಮ್ಯಾಂಚೆಸ್ಟರ್ ಊರಿನ ಓಟಿನ ಕತೆಯನ್ನು ತರಲಿಲ್ಲ. ಅದನ್ನು ನಾವು ಹೇಳುತ್ತೇವೆ.

ಇಂಗ್ಲೆಂಡಿನ ಆ ಗಿರಣಿ ಊರಿಗೆ 1832ರವರೆಗೆ ಪಾರ್ಲಿಮೆಂಟಿನಲ್ಲಿ ತನ್ನದೇ ಒಬ್ಬ ಸದಸ್ಯನಿರಲಿಲ್ಲ. ಅದೇ ಕಾಲದಲ್ಲಿ ಓಲ್ಡ್ ಸಾರಂ ಎಂಬ ಪಾಳುದಿಬ್ಬ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಅಲ್ಲಿ ಊರೇ ಇರಲಿಲ್ಲ. ಭೂಮಿ ಯಾರದೋ ಸೀಟು ಅವರದು. ಇಂಥ ಸೀಟುಗಳನ್ನು ಅಲ್ಲಿಯ ಜನ ಜೇಬಿನ ಸೀಟು ಅಂತ ಕರೆದರು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಬಯಲಿನಲ್ಲಿ ಸುಮಾರು 60,000 ಜನ ಸೇರಿ, ನಮಗೂ ಓಟು ಕೊಡಿ ಎಂದರು. ಅವರ ಮೇಲೆ ಕುದುರೆ ಪಡೆ ನುಗ್ಗಿಸಿದರು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಕತ್ತಿ ಹಿಡಿದು ಕುದುರೆ ಮೇಲೆ ಬಂದವರ ಮುಂದಾಳುಗಳಲ್ಲಿ ಗಿರಣಿ ಮಾಲೀಕನೂ ಇದ್ದ.

1832ರಲ್ಲಿ ಸೀಟು ಬಂತು, ಎರಡು ಬಂದವು. ಓಟು ಬಂದದ್ದು ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆ ಇದ್ದ ಗಂಡಸಿಗೆ. ನೂಲು ತೆಗೆದವನು ಹೊರಗೇ ಉಳಿದ. 1867ರಲ್ಲಿ ಮೂರನೆಯ ಸೀಟು ಕೊಟ್ಟು, ಓಟುದಾರನಿಗೆ ಎರಡೇ ಓಟು ಎಂದು ಕಟ್ಟು ಮಾಡಿದರು. ದೊಡ್ಡ ಗುಂಪು ಮೂರನ್ನೂ ಬಾಚಿಕೊಳ್ಳದಿರಲಿ, ಚಿಕ್ಕ ಗುಂಪಿಗೂ ಒಂದು ಸಿಗಲಿ ಎಂಬ ಲೆಕ್ಕ. ಅದೇ ವರ್ಷ ಲಿಲಿ ಮ್ಯಾಕ್ಸ್‌ವೆಲ್ ಎಂಬ ಅಂಗಡಿ ಇಟ್ಟ ವಿಧವೆಯ ಹೆಸರು ತಪ್ಪಿ ಪಟ್ಟಿಗೆ ಸೇರಿತ್ತು. ಆಕೆ ಉಪಚುನಾವಣೆಯಲ್ಲಿ ಹೋಗಿ, ಎಲ್ಲರೆದುರು ಬಾಯಿಬಿಟ್ಟು ಹೇಳಿ ಓಟು ಹಾಕಿ ಬಂದಳು. ಮರುವರ್ಷವೇ ಕೋರ್ಟು ಹೆಂಗಸರಿಗೆ ಓಟಿಲ್ಲ ಎಂದಿತು. ಕೊನೆಗೆ 1885ರಲ್ಲಿ ಆ ಕ್ಷೇತ್ರವನ್ನು ಆರು ತುಂಡು ಮಾಡಿದರು. ಮ್ಯಾಂಚೆಸ್ಟರ್ ಎಂಬ ಒಂದು ಸೀಟು ಅಲ್ಲಿಗೆ ಮುಗಿಯಿತು.

ಇಷ್ಟು ದೂರ ಹೋಗಿ ಬಂದದ್ದು ಯಾಕೆಂದರೆ, ಓಟು ಕೊಡುವುದು ಒಂದು ಮಾತು, ಸೀಟಿನ ಎಲ್ಲೆ ಹಾಕುವುದು ಇನ್ನೊಂದು ಮಾತು. ಅಲ್ಲಿ ಓಟನ್ನು ಹಿಡಿದಿಟ್ಟು ಸೀಟು ಕೊಟ್ಟರು. ನಮಗೆ ಬಾಬಾಸಾಹೇಬರ ಸಂವಿಧಾನ ಒಂದೇ ಏಟಿಗೆ ಎಲ್ಲರಿಗೂ ಓಟು ಕೊಟ್ಟಿತು. 1952ರಲ್ಲಿ ನಮ್ಮ ಮುತ್ತಜ್ಜಿಯ ಓಟೂ ಗೌಡರ ಓಟೂ ಎಣಿಕೆಯಲ್ಲಿ ಒಂದೇ. ಅಲ್ಲಿಂದ ಮುಂದೆ ನಮ್ಮ ಓಟನ್ನು ಕಿತ್ತುಕೊಳ್ಳಲು ಆಗದವರು ಸೀಟಿನ ಕಡೆ ಕೈ ಹಾಕಿದರು.

೨

1978ರಲ್ಲಿ ರಾಜ್ಯವೆಲ್ಲ ದೇವರಾಜ ಅರಸರ ಇಂದಿರಾ ಕಾಂಗ್ರೆಸ್ಸಿಗೆ ಒಲಿದಾಗ ದಾವಣಗೆರೆ ಕೆಂಬಾವುಟಕ್ಕೆ ಒಲಿಯಿತು. ಕಾರ್ಮಿಕ ಮುಖಂಡ ಪಂಪಾಪತಿ ಭಾರತ ಕಮ್ಯುನಿಸ್ಟ್ ಪಕ್ಷದಿಂದ ಗೆದ್ದರು. 1983ರಲ್ಲಿ ಗೆದ್ದರು. 1985ರಲ್ಲಿ ಮತ್ತೆ ಗೆದ್ದರು. ಗಿರಣಿ ಕಟ್ಟಿದವರ ಊರಿನಲ್ಲಿ ಗಿರಣಿ ನಡೆಸಿದವರ ಮನುಷ್ಯ ಮೂರು ಸಲ ವಿಧಾನಸೌಧಕ್ಕೆ ಹೋದ. ಇದು ಸಣ್ಣ ಮಾತಲ್ಲ.

"ಕುಡುಗೋಲು ತೆನಿ ನೋಡಿ ಒತ್ತಿದ್ವಿ ಕಣಪ್ಪಾ. ಯಾರ್ ಹೇಳಿದ್ರೂ ಅಂತ ಅಲ್ಲ, ನಾವೇ ಒತ್ತಿದ್ವಿ" ಎಂದು ನಮ್ಮ ಅಜ್ಜಿಯರು ಈಗಲೂ ಹೇಳುತ್ತಾರೆ. ಆ ಮಾತಿನಲ್ಲಿ ಒಂದು ಪಕ್ಷದ ಮೇಲಿನ ಮೋಹಕ್ಕಿಂತ, ನಾವೇ ಒತ್ತಿದೆವು ಎಂಬ ಸೊಕ್ಕು ಜಾಸ್ತಿ ಇದೆ. ಆ ಸೊಕ್ಕು ನಮಗೆ ಬೇಕು. ಅದು ಬಂದದ್ದು ಹೇಗೆ? ಗಿರಣಿಯಲ್ಲಿ ಜನ ಪಾಳಿಯ ಲೆಕ್ಕದಲ್ಲಿ ಸೇರಿದರು, ಸಂಬಳದ ಲೆಕ್ಕದಲ್ಲಿ ಸೇರಿದರು. ಸಂಬಳ ಕೊಡುವ ಯಜಮಾನನ ಎದುರು ನಿಂತು ಮಾತಾಡಿದವನಿಗೆ ಓಟಿನ ಪೆಟ್ಟಿಗೆ ಎದುರು ಕೈ ನಡುಗಲಿಲ್ಲ.

ಇಷ್ಟು ಹೇಳಿ ಕೆಂಬಾವುಟಕ್ಕೆ ಹಾರ ಹಾಕಿ ಎದ್ದುಹೋಗಲು ನಮ್ಮಿಂದಾಗದು. ಕಾಮ್ರೇಡರಿಗೆ ಒಂದು ಮಾತು ಕೇಳಲೇಬೇಕು. ಮುಂಬಯಿಯ ಗಿರಣಿಗಳಲ್ಲಿ ನಮ್ಮವರನ್ನು ಹೆಚ್ಚು ಸಂಬಳದ ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ನೂಲು ಕಡಿದಾಗ ಬಾಯಿಂದ ಎಳೆಯಬೇಕಿತ್ತು. ನಮ್ಮವರ ಎಂಜಲು ತಾಗುತ್ತದೆ ಎಂದು ಸವರ್ಣ ಕೂಲಿಕಾರರೇ ತಡೆದಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇದನ್ನು ಎತ್ತಿ ಕೇಳಿದರು: ವರ್ಗ ಒಂದೇ ಆದರೆ ಈ ಬಾಗಿಲು ಯಾಕೆ ಮುಚ್ಚಿದೆ? ಆ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ. ಪಾಳಿ ಮುಗಿದ ಮೇಲೆ ಕೂಲಿಕಾರ ಎಲ್ಲಿಗೆ ಹೋಗುತ್ತಾನೆ? ತನ್ನ ಜಾತಿಯ ಬೀದಿಗೆ. ಸಂಘ ಗಿರಣಿಯ ಗೇಟಿನತನಕ ಬಂತು, ಬೀದಿಯತನಕ ಬರಲಿಲ್ಲ.

ಆದ್ದರಿಂದಲೇ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ಓಟೂ ಚದುರಿತು. 1989ರಲ್ಲಿ ಕೆಂಬಾವುಟ ಇಳಿಯಿತು. ನೂಲು ತೆಗೆಯುತ್ತಿದ್ದವರು ಹಮಾಲರಾದರು, ಮಂಡಕ್ಕಿ ಭಟ್ಟಿಯ ಕೂಲಿಗಳಾದರು, ಮನೆ ಕಟ್ಟುವ ಗಾರೆ ಕೆಲಸಕ್ಕೆ ಹೋದರು. ಪಾಳಿ ಹೋಯಿತು, ಬೀದಿ ಉಳಿಯಿತು. ಓಟು ಕೇಳಲು ಬರುವವರು ಬೀದಿಯ ಹೆಸರು ಹಿಡಿದು ಬಂದರು.

೩

ಮುಂದಿನದನ್ನು ಬರೆಯಲು ಹೆಚ್ಚು ಹಾಳೆ ಬೇಡ. 1994ರಲ್ಲಿ ಕಾಂಗ್ರೆಸ್ಸಿನಿಂದ ಶಾಮನೂರು ಶಿವಶಂಕರಪ್ಪ ಗೆದ್ದರು. 1998ರಲ್ಲಿ ಅವರು ಲೋಕಸಭೆಗೆ ಹೋದಾಗ ಉಪಚುನಾವಣೆಯಲ್ಲಿ ಮಗ ಎಸ್.ಎಸ್. ಮಲ್ಲಿಕಾರ್ಜುನ್ ಗೆದ್ದರು. 1999ರಲ್ಲಿ ಮಗ. 2004ರಲ್ಲಿ ತಂದೆ. 2008ರಲ್ಲಿ ಕ್ಷೇತ್ರ ಎರಡಾದ ಮೇಲೆ ದಕ್ಷಿಣದಲ್ಲಿ 2008, 2013, 2018, 2023, ನಾಲ್ಕು ಸಲವೂ ತಂದೆಯೇ. ಉತ್ತರದಲ್ಲಿ 2013ರಲ್ಲಿ, 2023ರಲ್ಲಿ ಮಗ. ಲೋಕಸಭೆಯ ಕಡೆ ನೋಡಿದರೆ 1996ರಲ್ಲಿ, 1999ರಲ್ಲಿ ಜಿ. ಮಲ್ಲಿಕಾರ್ಜುನಪ್ಪ, 2004ರಿಂದ 2019ರತನಕ ನಾಲ್ಕು ಸಲ ಅವರ ಮಗ ಜಿ.ಎಂ. ಸಿದ್ದೇಶ್ವರ. 2024ರಲ್ಲಿ ಆ ಮನೆಯ ಸೊಸೆಗೂ ಈ ಮನೆಯ ಸೊಸೆಗೂ ಪೈಪೋಟಿ ನಡೆದು ಈ ಮನೆಯ ಪ್ರಭಾ ಮಲ್ಲಿಕಾರ್ಜುನ್ ಗೆದ್ದರು. ಪಕ್ಷ ಎರಡು, ಮನೆ ಎರಡು, ಸೀಟು ಆ ಎರಡು ಮನೆಯ ನಡುವಿನ ಅಂಗಳ.

ಈ ಮನೆತನಗಳನ್ನು ಬೈಯಲು ನಾವು ಕೂತಿಲ್ಲ. ಅವರು ನಿಂತರು, ಜನ ಓಟು ಹಾಕಿದರು, ಗೆದ್ದರು. ಆ ಊರಿನ ದೊಡ್ಡವರು ಕಟ್ಟಿದ ಕಾಲೇಜುಗಳಲ್ಲಿ ಓದಿದ ನಮ್ಮ ಹುಡುಗರಿದ್ದಾರೆ, ಅಲ್ಲಿಯ ಆಸ್ಪತ್ರೆಯಲ್ಲಿ ಬದುಕಿದ ನಮ್ಮವರಿದ್ದಾರೆ. ಉಪಕಾರ ಮರೆಯುವ ಜಾತಿ ನಮ್ಮದಲ್ಲ. ಆದರೆ ಸ್ವಾಮಿ, ಆಸ್ಪತ್ರೆ ಬಿಲ್ಲು ಬೇರೆ, ಓಟು ಬೇರೆ. ಹಾಸಿಗೆ ಕೊಟ್ಟವರಿಗೆ ಸೀಟೂ ಕೊಡಬೇಕು ಎನ್ನುವುದಾದರೆ ಅದು ಜೀತದ ಲೆಕ್ಕ. ಓಲ್ಡ್ ಸಾರಂನಲ್ಲಿ ಭೂಮಿ ಇದ್ದವನ ಜೇಬಿನಲ್ಲಿ ಸೀಟಿತ್ತು. ಇಲ್ಲಿ ಉಪಕಾರದ ಜೇಬಿನಲ್ಲಿದೆ. ಅಲ್ಲಿ ಹನ್ನೊಂದು ಓಟಿಗೆ ಆದದ್ದನ್ನು ಇಲ್ಲಿ ಲಕ್ಷ ಓಟಿಗೆ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ 2008ರ ಗೆರೆಗೆ ಬರೋಣ. ಅದು ಏನು ಮಾಡಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮಾಯಕೊಂಡ ಸಾಮಾನ್ಯ ಸೀಟಾಗಿದ್ದಾಗ 1994, 1999, 2004ರಲ್ಲಿ ಅಲ್ಲಿಂದ ಬಿಜೆಪಿಯ ಎಸ್.ಎ. ರವೀಂದ್ರನಾಥ್ ಗೆದ್ದಿದ್ದರು. ಅದು ಮೀಸಲಾದ ಕೂಡಲೇ ಅವರು ದಾವಣಗೆರೆ ಉತ್ತರಕ್ಕೆ ಬಂದರು, 2008ರಲ್ಲಿ ಗೆದ್ದರು, 2018ರಲ್ಲೂ ಗೆದ್ದರು. ಅದು ಅವರ ಹಕ್ಕು. ನಾವು ಕೇಳುವುದು ಇಷ್ಟೇ: ಮಾಯಕೊಂಡದ ಒಬ್ಬ ದಲಿತ ಶಾಸಕ ನಾಳೆ ಆ ಸೀಟಿನ ಮೀಸಲಾತಿ ತೆಗೆದರೆ ಯಾವ ಉತ್ತರಕ್ಕೆ ಬರಬೇಕು, ಯಾವ ದಕ್ಷಿಣಕ್ಕೆ ಬರಬೇಕು? ಮೇಲಿನವರಿಗೆ ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ತೆರೆದಿರುತ್ತದೆ. ನಮಗೆ ಇರುವುದು ಒಂದೇ ಬಾಗಿಲು, ಅದರ ಬೀಗದ ಕೈಯೂ ಅವರ ಹತ್ತಿರವೇ.

ಹಳ್ಳಿಯನ್ನು ನೋಡಿದ್ದೀರಲ್ಲ? ಊರು ನಡುವೆ, ಕೇರಿ ಹೊರಗೆ. ನಕ್ಷೆಯನ್ನೂ ನೋಡಿ. ಹಣ, ಮಾರ್ಕೆಟ್ಟು, ಕಾಲೇಜು, ಕಚೇರಿ ಇರುವ ಪೇಟೆ ಸಾಮಾನ್ಯ; ಅದರ ಸುತ್ತಿನ ಹಳ್ಳಿಗಾಡು ಮೀಸಲು. ಹಳ್ಳಿಯ ಕಟ್ಟುಪಾಡು ಕಾಗದದ ಮೇಲೆ ಬಂದು ಕೂತಿದೆ. ಸಾಮಾನ್ಯ ಅಂದರೆ ಎಲ್ಲರದು ಎಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟರು. ಪಕ್ಷಗಳ ಟಿಕೆಟ್ ಪಟ್ಟಿ ನೋಡಿದರೆ ಸಾಮಾನ್ಯ ಎಂಬುದು ಅಸಾಮಾನ್ಯರ ಮೀಸಲಾತಿ.

೪

"ನಿಮಗೆ ಮೀಸಲು ಸೀಟು ಕೊಟ್ಟಿದ್ದೀವಲ್ಲ, ಇನ್ನೇನು ಬೇಕು?" ಇದನ್ನು ಹೋಟೆಲ್ ಕಟ್ಟೆಯಲ್ಲಿ ಕೇಳಿದ್ದೇವೆ, ಕಾಲೇಜಿನ ಸ್ಟಾಫ್ ರೂಮಿನಲ್ಲೂ ಕೇಳಿದ್ದೇವೆ. ಕೊಟ್ಟವರು ಯಾರು? ಪಡೆದದ್ದು ಹೇಗೆ?

1932ರಲ್ಲಿ ಬ್ರಿಟಿಷರ ತೀರ್ಪಿನಂತೆ ನಮಗೆ ಪ್ರತ್ಯೇಕ ಮತದಾನದ 71 ಸೀಟು ಬಂದಿದ್ದವು. ಅಲ್ಲಿ ನಮ್ಮವರನ್ನು ನಮ್ಮವರೇ ಆರಿಸಬೇಕಿತ್ತು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. 71 ಹೋಗಿ 148 ಬಂತು. ಸಂಖ್ಯೆ ಇಮ್ಮಡಿಯಾಯಿತು, ಆರಿಸುವ ಕೈ ಬದಲಾಯಿತು. ಅಂದಿನಿಂದ ಮೀಸಲು ಸೀಟಿನಲ್ಲಿ ನಿಲ್ಲುವವನು ನಮ್ಮವನು, ಗೆಲ್ಲಿಸುವವರು ಉಳಿದವರು. ನಮ್ಮ ಓಟಷ್ಟೇ ಬಿದ್ದರೆ ಅವನು ಸೋಲುತ್ತಾನೆ. ನಮ್ಮ ಓಟು ಪೂರ್ತಿ ಬೀಳದಿದ್ದರೂ ಗೆಲ್ಲಬಲ್ಲ. ಹೀಗಿರುವಾಗ ಅವನು ಯಾರ ಮುಖ ನೋಡಬೇಕು? ಒಂದು ಮೀಸಲು ಕ್ಷೇತ್ರದ ಹಳ್ಳಿಯಲ್ಲಿ ನಾವು ಕಣ್ಣಾರೆ ಕಂಡೆವು. ಓಟು ಕೇಳಲು ಬಂದ ಅಭ್ಯರ್ಥಿ ಯಜಮಾನರ ಜಗಲಿ ಕೆಳಗೆ ಚಪ್ಪಲಿ ಬಿಟ್ಟು ನಿಂತ. ಜೊತೆಗೆ ಬಂದ ಪಕ್ಷದವರು ಜಗಲಿ ಮೇಲೆ ಕೂತರು. ಗೆದ್ದ ಮೇಲೆ ಅವನು ಜಗಲಿ ಹತ್ತುತ್ತಾನೆ ಅಂದುಕೊಳ್ಳಬೇಡಿ. ಹತ್ತದಿರುವವನೇ ಬೇಕೆಂದು ಆರಿಸಿ ತಂದಿರುತ್ತಾರೆ.

ಅವನನ್ನು ನಾವು ಹೀಯಾಳಿಸುವುದಿಲ್ಲ. ಬಾಬಾಸಾಹೇಬರನ್ನೇ ಈ ಲೆಕ್ಕ ಬಿಡಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಅವರು ಮುಂಬಯಿ ಉತ್ತರ ಎಂಬ ಪೇಟೆಯ ಕ್ಷೇತ್ರದಿಂದ ಲೋಕಸಭೆಗೆ ನಿಂತರು. ಆಗ ಕೆಲವು ಕ್ಷೇತ್ರಗಳಿಗೆ ಇಬ್ಬರು ಸದಸ್ಯರು, ಒಂದು ಸಾಮಾನ್ಯ, ಒಂದು ಮೀಸಲು. ಓಟುದಾರನಿಗೆ ಎರಡು ಓಟು. ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು 14,561 ಓಟಿನಿಂದ ಸೋತರು. ಆ ಕ್ಷೇತ್ರವೂ ಇವತ್ತು ಆ ರೂಪದಲ್ಲಿ ಇಲ್ಲ. 1955ರಲ್ಲಿ ಅವರ ಪರಿಶಿಷ್ಟ ಜಾತಿ ಫೆಡರೇಷನ್ನೇ ಶಾಸನಸಭೆಗಳ ಮೀಸಲು ಸೀಟು ಬೇಡ ಎಂದು ನಿರ್ಣಯ ಮಾಡಿತು. ಸೀಟು ಬೇಡವಾದದ್ದು ಪ್ರಾತಿನಿಧ್ಯ ಬೇಡವೆಂದಲ್ಲ, ಬೇರೆಯವರ ಬಾಯಿ ನಮ್ಮ ಮುಖಕ್ಕೆ ಅಂಟಿಸಿದ್ದು ಸಾಕಾಗಿ.

ಆ ಎರಡು ಸದಸ್ಯರ ಕ್ಷೇತ್ರಗಳ ಕತೆ ಮೈಸೂರು ರಾಜ್ಯದ್ದೂ ಹೌದು. 1952ರಲ್ಲಿ ಇಲ್ಲಿ 80 ಕ್ಷೇತ್ರಗಳಲ್ಲಿ 19, 1957ರಲ್ಲಿ 179ರಲ್ಲಿ 29 ಅಂಥವು. ಅವು ಯಾಕೆ ಮಾಯವಾದವು? 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿಯ ಎರಡು ಲೋಕಸಭಾ ಸೀಟಿಗೂ ಬುಡಕಟ್ಟಿನವರೇ ಗೆದ್ದರು. ಒಬ್ಬರು ಮೀಸಲು ಸೀಟಿಗೆ, ಇನ್ನೊಬ್ಬರು ಸಾಮಾನ್ಯ ಸೀಟಿಗೆ. ಸೋತವರು ಸಾಮಾನ್ಯರಲ್ಲ, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಮೀಸಲಿನವನಿಗೆ ಸಾಮಾನ್ಯ ಸೀಟು ಸಲ್ಲದು ಎಂದು ಅವರು ಸುಪ್ರೀಂ ಕೋರ್ಟಿನತನಕ ಹೋದರು. 1959ರಲ್ಲಿ ಕೋರ್ಟು ಅವರ ವಾದ ಒಪ್ಪಲಿಲ್ಲ: ಸಾಮಾನ್ಯ ಸೀಟು ಎಲ್ಲರಿಗೂ ತೆರೆದದ್ದು, ಓಟು ಹೆಚ್ಚು ಬಿದ್ದವನು ಗೆದ್ದ. ಎರಡೇ ವರ್ಷ. 1961ರಲ್ಲಿ ಪಾರ್ಲಿಮೆಂಟು ಎರಡು ಸದಸ್ಯರ ಕ್ಷೇತ್ರಗಳನ್ನೇ ಕಾಯಿದೆ ಮಾಡಿ ರದ್ದು ಮಾಡಿತು. ಕ್ಷೇತ್ರ ದೊಡ್ಡದು, ಓಡಾಡಲು ಕಷ್ಟ ಎಂಬ ಕಾರಣಗಳಿದ್ದವು, ಇರಲಿ. ನಮ್ಮ ಕಣ್ಣಿಗೆ ಕಾಣುವುದು ಇದು: ನಮ್ಮವರು ಒಳಮನೆಗೆ ಬಂದ ಮರುಗಳಿಗೆ ಮನೆಯನ್ನೇ ಎರಡು ಪಾಲು ಮಾಡಿದರು.

೫

ಇನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಹರಿಹರದವರು, ಈ ಜಿಲ್ಲೆಯ ಮಣ್ಣಿನವರು. ಪಕ್ಕದ ಭದ್ರಾವತಿಯಲ್ಲಿ ಚಳವಳಿ ಹುಟ್ಟಿತು. ಭೂಮಿ ಕೇಳಿದೆವು, ಹೆಂಡ ಬೇಡ ಎಂದೆವು, ಬಾವಿಗೆ ಇಳಿದೆವು. ಹಾಡು ಕಟ್ಟಿದೆವು, ಕವಿತೆ ಬರೆದೆವು. ಕ್ಷೇತ್ರದ ನಕ್ಷೆಯನ್ನು ಮಾತ್ರ ಯಾವತ್ತೂ ಬಿಡಿಸಿ ನೋಡಲಿಲ್ಲ. 2002ರ ಕಾಯಿದೆಯಡಿ ಕ್ಷೇತ್ರ ಮರುವಿಂಗಡಣೆ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕಿತ್ತು, ಬಹಿರಂಗ ಸಭೆ ಮಾಡಬೇಕಿತ್ತು. ಆಯೋಗದ ಜೊತೆ ಸಲಹೆಗೆ ರಾಜ್ಯದಿಂದ ಐದು ಸಂಸದರು, ಐದು ಶಾಸಕರು ಕೂರಬೇಕಿತ್ತು. ಅಂದರೆ ಯಾವ ಹೊಲದ ಬದು ಹಾಕಬೇಕೋ ಆ ಹೊಲ ಉಳುತ್ತಿದ್ದವರೇ ಪಕ್ಕದಲ್ಲಿದ್ದರು. ಗೆರೆ ಬಿದ್ದ ಮೇಲೆ ಕೋರ್ಟಿನಲ್ಲಿ ಪ್ರಶ್ನಿಸುವ ದಾರಿಯನ್ನೂ ಕಾಯಿದೆ ಮುಚ್ಚಿತ್ತು. ಆ ಸಭೆಯ ಹೊತ್ತಿಗೆ ನಮ್ಮ ಕೇರಿಯವರು ಎಲ್ಲಿದ್ದರು? ಅಡಿಕೆ ಸುಲಿಯುತ್ತಿದ್ದರು. ಚಳವಳಿಯವರು ಎಲ್ಲಿದ್ದರು? ಬಣ ಒಡೆದು, ಲೆಟರ್‌ಹೆಡ್ ಯಾರದು ಎಂದು ಜಗಳವಾಡುತ್ತಿದ್ದರು. ಎಡಗೈ, ಬಲಗೈ, ಲಂಬಾಣಿ, ಭೋವಿ ಎಂದು ನಮ್ಮನ್ನು ನಾವೇ ಎಣಿಸಿಕೊಂಡದ್ದನ್ನು ಟಿಕೆಟ್ ಹಂಚುವವರು ನಮಗಿಂತ ಚೆನ್ನಾಗಿ ಬಾಯಿಪಾಠ ಮಾಡಿದರು.

ಕವಿಗಳಾದ ನಮಗೆ ಇದರಲ್ಲಿ ಇನ್ನೂ ದೊಡ್ಡ ತಪ್ಪಿದೆ. ಮುತ್ತಜ್ಜಿಯ ಬೆವರಿನ ಮೇಲೆ ಪುಟಗಟ್ಟಲೆ ಬರೆದೆವು. ಅವಳ ಓಟು ಯಾವ ಬೂತಿನಲ್ಲಿ, ಯಾವ ಗೆರೆಯ ಒಳಗೆ ಬಿತ್ತು ಎಂದು ಒಂದು ಸಾಲೂ ಬರೆಯಲಿಲ್ಲ.

ಈಗ ಮತ್ತೆ ಗೆರೆ ಬೀಳುವ ಕಾಲ ಹತ್ತಿರ ಬಂದಿದೆ. ಸೀಟುಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಕಟ್ಟಿಹಾಕಿದ್ದು 84ನೇ ತಿದ್ದುಪಡಿ. ಶಾಸನಸಭೆಯ ಮೀಸಲಾತಿಗೆ 104ನೇ ತಿದ್ದುಪಡಿ ಕೊಟ್ಟ ಗಡುವು 2030ರ ಜನವರಿ. ದಕ್ಷಿಣಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ದೊಡ್ಡವರು ಜಗಳವಾಡುತ್ತಿದ್ದಾರೆ. ಆ ಜಗಳ ನ್ಯಾಯವೇ ಇರಬಹುದು. ಆದರೆ ಕರ್ನಾಟಕದ ಪಾಲು ಕೇಳುವವರು ಕೇರಿಯ ಪಾಲು ಎಷ್ಟು ಎಂದು ಇನ್ನೂ ಬಾಯಿ ಬಿಟ್ಟಿಲ್ಲ.

ನಾವು ಕೇಳುವುದು ಮೂರು.

ಒಂದು: ಕರಡು ನಕ್ಷೆ ಬಂದ ದಿನ ಅದು ಗೆಜೆಟ್ಟಿನಲ್ಲಿ ಮಲಗಬಾರದು. ಪ್ರತಿ ಕೇರಿಯಲ್ಲಿ, ಪ್ರತಿ ತಾಂಡಾದಲ್ಲಿ, ಪ್ರತಿ ಸ್ಲಮ್ಮಿನಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಒಂದು ದಿನದ ಕೂಲಿ ಬಿಟ್ಟಾದರೂ ನಮ್ಮವರು ಆ ಸಭೆಗೆ ಹೋಗಿ ಆಕ್ಷೇಪಣೆ ಬರೆದು ಕೊಡಬೇಕು.

ಎರಡು: ಎಡ ಎನ್ನುವ ಪಕ್ಷಗಳು, ಸಾಮಾಜಿಕ ನ್ಯಾಯ ಎನ್ನುವ ಪಕ್ಷಗಳು ಸಾಮಾನ್ಯ ಸೀಟಿನಲ್ಲಿ ನಮ್ಮವರನ್ನು ನಿಲ್ಲಿಸಲಿ. ಸೋಲುವ ಸೀಟಿನಲ್ಲಲ್ಲ, ಗೆಲ್ಲುವ ಸೀಟಿನಲ್ಲಿ. ದಾವಣಗೆರೆಯ ಉತ್ತರವೋ ದಕ್ಷಿಣವೋ, ಒಂದನ್ನು ಹೇಳಲಿ. ಆಗ ನಂಬುತ್ತೇವೆ.

ಮೂರು: ನಮ್ಮ ಚಳವಳಿ ಪಾಳಿಯನ್ನೂ ಬೀದಿಯನ್ನೂ ಒಟ್ಟಿಗೆ ಕಟ್ಟಬೇಕು. ಮಂಡಕ್ಕಿ ಭಟ್ಟಿಯ ಮುಸ್ಲಿಮರು, ಹಮಾಲರು, ಪೌರಕಾರ್ಮಿಕರು, ಅಡಿಕೆ ಸುಲಿಯುವ ಹೆಂಗಸರು, ಇವರ ಕೂಲಿ ಬೇರೆ, ಬೀದಿ ಬೇರೆ, ಹಸಿವು ಬೇರೆಯಲ್ಲ. 1978ರ ಓಟನ್ನು ಗಿರಣಿ ಕಟ್ಟಿತ್ತು. ಗಿರಣಿ ಇಲ್ಲದ ಊರಿನಲ್ಲಿ ಅದನ್ನು ನಾವು ಕಟ್ಟಬೇಕು.

"ಓಟ್ ಹಾಕಿ ಹಾಕಿ ಬೆರಳು ಕಪ್ಪಾತು ಮಗಾ, ಬದುಕು ಬೆಳ್ಳಗಾಗ್ಲಿಲ್ಲ" ಎಂದು ನಮ್ಮ ಕೇರಿಯ ಮುದುಕಿಯೊಬ್ಬಳು ಕಳೆದ ಚುನಾವಣೆಯ ಸಂಜೆ ಅಂದಳು. ನಾವು ಪದವೀಧರರು ಏನೂ ಹೇಳಲು ತೋಚದೆ ತಲೆ ತಗ್ಗಿಸಿದೆವು. ಇನ್ನೊಂದು ಸಲ ಹಾಗೆ ತಗ್ಗಿಸಲು ನಮಗೆ ಮನಸ್ಸಿಲ್ಲ. ಸ್ಲೇಟು ಹಿಡಿದಿದ್ದ ಹುಡುಗರು ಈಗ ಓದು ಕಲಿತಿದ್ದೇವೆ, ನಕ್ಷೆ ಓದುವುದನ್ನೂ ಕಲಿಯುತ್ತೇವೆ. ಮುಂದಿನ ಗೆರೆ ಎಳೆಯುವಾಗ ನಮ್ಮ ಕೈಯೂ ಆ ಪೆನ್ಸಿಲ್ ಮೇಲಿರಬೇಕು. ಇರದಿದ್ದರೆ, ಆ ಗೆರೆ ನಮ್ಮದಲ್ಲ ಎಂದು ಬೀದಿಗೆ ಬಂದು ಹೇಳುತ್ತೇವೆ.